ನೀಲಿ ಮಾತ್ರೆ ಹಂಚೋದು ಆಯ್ತು, ನುಂಗಿಸೋದು ಹೇಗೆ?

ಸೋಮವಾರದ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲು, 8ರಿಂದ 10ನೇ ತರಗತಿ, 180 ಮಕ್ಕಳು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡಿಸೋ ನೋಡಲ್ ಕೆಲಸ ವಿಜ್ಞಾನದ ಮೇಷ್ಟ್ರ ತಲೆಗೆ ಬೀಳೋದು ಎಲ್ಲ ಕಡೆ ಇದ್ದದ್ದೇ. ರಿಜಿಸ್ಟರಿನಲ್ಲಿ ಎಲ್ಲರ ಹೆಸರಿನ ಮುಂದೂ ಟಿಕ್ ಇದೆ. ಸಾಯಂಕಾಲ ಕಸ ಗುಡಿಸಿದರೆ ಕಿಟಕಿ ಆಚೆ, ಕೈ ತೊಳೆಯೋ ನಲ್ಲಿ ಪಕ್ಕ, ಡೆಸ್ಕಿನ ಸಂದಿಯಲ್ಲಿ ನೀಲಿ ಮಾತ್ರೆ. ಕೇಳಿದರೆ "ಹೊಟ್ಟೆ ತೊಳಸುತ್ತೆ ಸರ್", "ಅಮ್ಮ ಬೇಡ ಅಂದ್ರು ಸರ್". ಹುಡುಗರದ್ದು ಇನ್ನೊಂದು: "ಅದು ಹುಡುಗೀರ ಮಾತ್ರೆ".

ಮೂರು ಪ್ರಶ್ನೆ. ಯಾವ ಹೊತ್ತಿಗೆ ಕೊಟ್ಟರೆ ವಾಂತಿ ಕಡಿಮೆ? ಈಗಾಗಲೇ ಹಿಮೋಗ್ಲೋಬಿನ್ ಕಡಿಮೆ ಇರೋ ಮಕ್ಕಳಿಗೂ ಇದೇ ವಾರದ ಮಾತ್ರೆ ಸಾಕಾ? ಹುಡುಗರಿಗೆ ನಿಜವಾಗ್ಲೂ ಬೇಕಾ? ಗೊತ್ತಿದ್ದವರು ಹೇಳಿ. "ಜಾಗೃತಿ ಮೂಡಿಸಿ" ಅಂತ ಮಾತ್ರ ಬರೀಬೇಡಿ, ದಯವಿಟ್ಟು.

ಪಿಎಚ್‌ಸಿ_ಪಕ್ಕದ್ಮನೆ
ಮೊದಲನೇದಕ್ಕೆ ಉತ್ತರ: ಬಿಸಿಯೂಟ ಆದ ಮೇಲೆ, ಅರ್ಧ ಗಂಟೆ ಒಳಗೆ. ತುಂಬಾ ಶಾಲೆಗಳಲ್ಲಿ ಪ್ರಾರ್ಥನೆ ಮುಗಿದ ತಕ್ಷಣ ಸಾಲಲ್ಲಿ ನಿಲ್ಲಿಸಿ ಕೊಡ್ತಾರೆ, ಯಾಕಂದ್ರೆ ಆಗ ಮಕ್ಕಳೆಲ್ಲ ಒಂದೇ ಕಡೆ ಸಿಗ್ತಾರೆ. ಅದೇ ಎಡವಟ್ಟು. ಅರ್ಧ ಮಕ್ಕಳು ಬೆಳಿಗ್ಗೆ ಬರೀ ಟೀ ಕುಡಿದು ಬಂದಿರ್ತಾರೆ. ಖಾಲಿ ಹೊಟ್ಟೆಗೆ 60 ಮಿ.ಗ್ರಾಂ ಕಬ್ಬಿಣ ಬಿದ್ದರೆ ತೊಳಸದೆ ಇನ್ನೇನಾಗುತ್ತೆ?

ಕ್ರಮ ಹೀಗಿಟ್ಕೊಳ್ಳಿ:
ಊಟ ಮುಗಿಸಿ ಕೈ ತೊಳೆದು ಕ್ಲಾಸಿಗೆ ಬರಲಿ. ಹಾಜರಿ ಕೂಗೋ ಹೊತ್ತಿಗೇ ಒಬ್ಬೊಬ್ಬರನ್ನೇ ಕರೆಯಿರಿ. ಪ್ರತಿ ಮಗುವಿನ ಹತ್ತಿರ ಸ್ವಂತ ನೀರಿನ ಬಾಟಲಿ ಇರಲಿ, ಒಂದೇ ಲೋಟ ಸುತ್ತಿಸಬೇಡಿ. ಮಾತ್ರೆ ಪೂರ್ತಿ ನುಂಗಬೇಕು, ಅಗಿಯೋ ಹಾಗಿಲ್ಲ. ಅಗಿದರೆ ಬಾಯಿ ತುಂಬಾ ತುಕ್ಕಿನ ರುಚಿ, ಮುಂದಿನ ವಾರ ಆ ಮಗು ಮುಟ್ಟಲ್ಲ. ನೀರು ಅರ್ಧ ಲೋಟಕ್ಕಿಂತ ಕಡಿಮೆ ಬೇಡ. ನುಂಗಿದ ಮೇಲೆ ಹೆಸರು ಹೇಳಿಸಿ. ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡಿದ್ರೆ ಮಾತಲ್ಲೇ ಗೊತ್ತಾಗುತ್ತೆ. ಬಾಯಿ ತೆರೆಸಿ ಟಾರ್ಚ್ ಹಾಕೋದು ಬೇಡ, ಪೊಲೀಸ್ ಠಾಣೆ ಆಗಿಬಿಡುತ್ತೆ.

ಅವತ್ತು ಜ್ವರ, ವಾಂತಿ, ಭೇದಿ ಇರೋ ಮಗುವಿಗೆ ಕೊಡಬೇಡಿ. ಹುಷಾರಾದ ಮೇಲೆ ಅದೇ ವಾರದಲ್ಲಿ ಇನ್ನೊಂದು ದಿನ ಕೊಡಿ.

ಗಂಡುಮೆಟ್ಟಿನ_ನಾಡು
ಒಂದ್ ಬಿಟ್ಟ್ರಿ ನೋಡ್ರಿ. ಮಾಸ್ತರು, ಬಾಯಾರು ಮೊದಲು ಹುಡುಗೂರ ಮುಂದ ತಾವೊಂದ್ ನುಂಗ್ಬೇಕು. ತಾವ್ ಹತ್ತು ಮಾರು ದೂರ ನಿಂತು "ನುಂಗ್ರಿ ನುಂಗ್ರಿ" ಅಂದ್ರ ಯಾರ್ ನುಂಗ್ತಾರ?

ಪಿಎಚ್‌ಸಿ_ಪಕ್ಕದ್ಮನೆ
ಸರಿಯಾಗಿ ಹೇಳಿದ್ರಿ. ಶಿಕ್ಷಕರೂ ಜೊತೆಗೆ ನುಂಗಬೇಕು ಅಂತ ಯೋಜನೆಯಲ್ಲೇ ಸಲಹೆ ಇದೆ. ಹೆಚ್ಚಿನ ಕಡೆ ಅದು ಸುತ್ತೋಲೆಯಲ್ಲೇ ಉಳಿದಿದೆ.

ನಾಟಿ_ನಂಜಪ್ಪ
ಇಷ್ಟೆಲ್ಲ ಯಾಕೆ? ನಮ್ಮ ಹಿರೀಕರು ಮಾತ್ರೆ ನುಂಗಿದ್ರಾ? ರಾಗಿ ಮುದ್ದೆ, ಬಸ್ಸಾರು, ಬೆಲ್ಲ ಕೊಡಿ, ರಕ್ತ ತಾನಾಗೇ ಬರುತ್ತೆ. ಮಾತ್ರೆ ಕಂಪನಿಗಳ ವ್ಯಾಪಾರಕ್ಕೆ ಮಕ್ಕಳು ಬೇಕಾ?

ಪಥ್ಯದ_ಪುಟ್ಟಿ
ನಂಜಪ್ಪಣ್ಣ, ಮುದ್ದೆ ಮೇಲೆ ನಂಗೂ ಪ್ರೀತಿ, ಲೆಕ್ಕ ಮಾತ್ರ ಬೇರೆ ಹೇಳುತ್ತೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿ.ಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅದೇ ವಯಸ್ಸಿನ ಹುಡುಗನಿಗೆ 22. ನೂರು ಗ್ರಾಂ ರಾಗಿಯಲ್ಲಿ ಸುಮಾರು ನಾಲ್ಕೂವರೆ ಮಿ.ಗ್ರಾಂ. ಬೆಲ್ಲದಲ್ಲೂ ನೂರು ಗ್ರಾಮಿಗೆ ಹೆಚ್ಚುಕಮ್ಮಿ ಅಷ್ಟೇ, ದಿನಾ ನೂರು ಗ್ರಾಂ ಬೆಲ್ಲ ಯಾರು ತಿಂತಾರೆ?

ಇನ್ನೊಂದು ತೊಡಕಿದೆ. ರಾಗಿಯ ಹೊಟ್ಟಿನಲ್ಲಿರೋ ಫೈಟೇಟ್, ಟ್ಯಾನಿನ್ ಎರಡೂ ಕಬ್ಬಿಣವನ್ನು ಹಿಡಿದಿಟ್ಕೊಳ್ತವೆ, ಮೈಗೆ ಹತ್ತೋದು ಸ್ವಲ್ಪವೇ. ಮೊಳಕೆ ಕಟ್ಟಿಸಿದ ರಾಗಿಯಲ್ಲಿ ಫೈಟೇಟ್ ಇಳಿಯುತ್ತೆ: ಹನ್ನೆರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಇಟ್ಟು, ನೆರಳಲ್ಲಿ ಒಣಗಿಸಿ, ಘಮ್ ಅನ್ನೋವರೆಗೆ ಹುರಿದು ಬೀಸಿಸೋದು. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ, ನೂರು ಗ್ರಾಮಿಗೆ 360 ಮಿ.ಗ್ರಾಂ ಹತ್ತಿರ. ಮೂಳೆಗೆ ಬಂಗಾರ. ರಕ್ತಹೀನತೆಗೆ ರಾಗಿಯೊಂದನ್ನೇ ನಂಬಿ ಕೂರೋಕಾಗಲ್ಲ.

ಬಸ್ಸಾರಿಗೆ ಫುಲ್ ಮಾರ್ಕ್ಸ್. ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಹಾಕಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕುದಿಯುವಾಗಲೇ ಹಿಂಡಿದರೆ ವಿಟಮಿನ್ ಸಿ ಅಲ್ಲೇ ಹಾಳಾಗುತ್ತೆ. ಊಟದ ಜೊತೆ ಒಂದು ಸೀಬೆಹಣ್ಣು ಸಿಕ್ಕರೆ ಇನ್ನೂ ಒಳ್ಳೇದು.

ನಾಟಿ_ನಂಜಪ್ಪ
ಪುಸ್ತಕದ ಲೆಕ್ಕ ಬಿಡವ್ವ. ಬೆಲ್ಲಕ್ಕೆ ಕಬ್ಬಿಣದ ಕೊಪ್ಪರಿಗೆ ಇತ್ತು, ಒಗ್ಗರಣೆಗೆ ಕಬ್ಬಿಣದ ಸೌಟು, ದೋಸೆಗೆ ಕಬ್ಬಿಣದ ಕಾವಲಿ. ಈಗ ಎಲ್ಲಾ ನಾನ್‌ಸ್ಟಿಕ್ಕು.

ಪಥ್ಯದ_ಪುಟ್ಟಿ
ಕಾವಲಿ ಮಾತು ನೂರಕ್ಕೆ ನೂರು ಒಪ್ಪಿದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಇರೋ ಗೊಜ್ಜು, ಟೊಮೆಟೊ ಪಲ್ಯ ಮಾಡಿದರೆ ಕಬ್ಬಿಣ ಚೆನ್ನಾಗೇ ಇಳಿಯುತ್ತೆ. ಆದರೆ ಆದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಬೇಕು, ಇಲ್ಲಾಂದ್ರೆ ಕಪ್ಪಾಗಿ ಒಗರಾಗುತ್ತೆ.

ಅಂಕಿಅಂಶ_ಅಯ್ಯ
ಮೂರನೇ ಪ್ರಶ್ನೆಗೆ: ಹುಡುಗರಿಗೂ ಬೇಕು. ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21) ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59.1, ಹುಡುಗರಲ್ಲಿ ಶೇ 31.1 ಮಂದಿಗೆ ರಕ್ತಹೀನತೆ. ಹತ್ತರಲ್ಲಿ ಮೂವರು ಹುಡುಗರು ಅಂದ್ರೆ "ಹುಡುಗೀರ ಮಾತ್ರೆ" ಅನ್ನೋ ಮಾತು ಅಲ್ಲೇ ಬಿದ್ದುಹೋಯ್ತು. ಯೋಜನೆಯೂ ಇಬ್ಬರಿಗೂ ಸೇರಿಯೇ ಇರೋದು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 6ರಿಂದ 12ನೇ ತರಗತಿವರೆಗೆ.

ಲ್ಯಾಬ್_ಬೆಂಚು
ಅಯ್ಯನವರೇ, ಆ 59ನ್ನು ಕಣ್ಣುಮುಚ್ಚಿ ಹೇಳಬೇಡಿ. ಎನ್‌ಎಫ್‌ಎಚ್‌ಎಸ್‌ನಲ್ಲಿ ಬೆರಳು ಚುಚ್ಚಿ ತೆಗೆದ ರಕ್ತ. 2016-18ರಲ್ಲಿ ಮಕ್ಕಳ ಪೋಷಣೆ ಬಗ್ಗೆ ದೇಶವ್ಯಾಪಿ ನಡೆದ ಸಿಎನ್‌ಎನ್‌ಎಸ್ ಸಮೀಕ್ಷೆಯಲ್ಲಿ ತೋಳಿನ ರಕ್ತನಾಳದಿಂದ ತೆಗೆದು ನೋಡಿದಾಗ ಹುಡುಗಿಯರಲ್ಲಿ ಶೇ 40, ಹುಡುಗರಲ್ಲಿ ಶೇ 18 ಬಂತು.

ಅಂಕಿಅಂಶ_ಅಯ್ಯ
ಅದು 10ರಿಂದ 19 ವಯಸ್ಸಿನವರದ್ದು, ಇದು 15ರಿಂದ 19ರದ್ದು. ವಯಸ್ಸಿನ ಗುಂಪೇ ಬೇರೆ, ನೇರ ಹೋಲಿಕೆ ಆಗಲ್ಲ.

ಲ್ಯಾಬ್_ಬೆಂಚು
ಒಪ್ಪಿದೆ. ಆದರೂ ಬೆರಳಿನ ರಕ್ತದಲ್ಲಿ ತಪ್ಪಾಗೋದು ಸುಲಭ, ಶಾಲೆಯ ತಪಾಸಣಾ ಕ್ಯಾಂಪಲ್ಲಿ ಅದೇ ನಡೆಯೋದು. ತಪ್ಪು ಎಲ್ಲೆಲ್ಲಿ ಅಂತ ಬರೀತೀನಿ, ಕ್ಯಾಂಪ್ ದಿನ ಪಕ್ಕ ನಿಂತು ನೋಡಿ.

ಎಡಗೈಯ ಮಧ್ಯದ ಬೆರಳು ಅಥವಾ ಉಂಗುರದ ಬೆರಳು. ತುದಿಗಲ್ಲ, ಪಕ್ಕದ ಮೆತ್ತನೆ ಜಾಗಕ್ಕೆ ಚುಚ್ಚಬೇಕು. ಸ್ಪಿರಿಟ್ ಒರೆಸಿದ ಮೇಲೆ ಒಣಗಲು ಬಿಡಬೇಕು. ಹಸಿಯಾಗಿದ್ದಾಗಲೇ ಚುಚ್ಚಿದರೆ ರಕ್ತ ಹನಿಯಾಗಿ ನಿಲ್ಲದೆ ಹರಡುತ್ತೆ, ಸ್ಪಿರಿಟ್ಟೂ ಬೆರೆಯುತ್ತೆ. ಮೊದಲ ಹನಿ ಒರೆಸಿ ಬಿಸಾಕಬೇಕು. ಅತಿ ದೊಡ್ಡ ತಪ್ಪು ಅಂದ್ರೆ ಹನಿ ಬರಲಿಲ್ಲ ಅಂತ ಬೆರಳನ್ನು ಹಿಂಡೋದು. ಹಿಂಡಿದರೆ ರಕ್ತದ ಜೊತೆ ಸುತ್ತಲಿನ ಅಂಗಾಂಶದ ನೀರೂ ಬರುತ್ತೆ, ರಕ್ತ ತೆಳುವಾಗಿ ರೀಡಿಂಗ್ ಕಡಿಮೆ ತೋರಿಸುತ್ತೆ. ಚಳಿಗಾಲದ ಬೆಳಿಗ್ಗೆ ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿಸಿ, ಕೈ ಕೆಳಗೆ ಬಿಟ್ಟು ನಿಲ್ಲಿಸಿ, ಆಮೇಲೆ ಚುಚ್ಚಿ.

ರಕ್ತದ ಹನಿ ಹಾಕೋ ಸ್ಟ್ರಿಪ್ಪುಗಳ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಚ್ಚಬೇಕು. 180 ಮಕ್ಕಳು ಮುಗಿಯೋವರೆಗೆ ತೆರೆದಿಟ್ಟರೆ ತೇವ ಎಳೆದುಕೊಂಡು ಕೆಡುತ್ತವೆ. ಕೆಲವು ಕಡೆ ಹಿಮೋಗ್ಲೋಬಿನ್ ಅಳೆಯೋಕೆ ಇನ್ನೂ ಹಳೇ ಕಾಲದ ಸಾಹ್ಲಿ ಟ್ಯೂಬಿದೆ. ಅದರಲ್ಲಿ ಆಸಿಡ್ ಹಾಕಿ ಹತ್ತು ನಿಮಿಷ ಕಾಯಬೇಕು, ಆಮೇಲೆ ಬಣ್ಣವನ್ನು ಕಣ್ಣಂದಾಜಿನಲ್ಲಿ ಹೊಂದಿಸಬೇಕು. ನಲವತ್ತು ಮಕ್ಕಳ ಸಾಲು ಕಾಯ್ತಾ ಇರುವಾಗ ಯಾರು ಹತ್ತು ನಿಮಿಷ ಕಾಯ್ತಾರೆ ಹೇಳಿ?

ಸೋಮವಾರದ_ಮೇಷ್ಟ್ರು
ತುಂಬಾ ಉಪಯೋಗ ಆಯ್ತು ಸರ್. ಎಷ್ಟಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ ಅಂತ ಬರ್ಕೋಬೇಕು? ಒಬ್ಬರು 11 ಅಂತಾರೆ, ಒಬ್ಬರು 12 ಅಂತಾರೆ.

ಲ್ಯಾಬ್_ಬೆಂಚು
5ರಿಂದ 11 ವರ್ಷ: 100 ಮಿ.ಲೀ. ರಕ್ತದಲ್ಲಿ 11.5 ಗ್ರಾಂಗಿಂತ ಕಡಿಮೆ.
12ರಿಂದ 14: ಹುಡುಗ ಹುಡುಗಿ ಇಬ್ಬರಿಗೂ 12.
15 ದಾಟಿದ ಹುಡುಗಿ: 12. 15 ದಾಟಿದ ಹುಡುಗ: 13.
ನಿಮ್ಮ ಹತ್ತನೇ ಕ್ಲಾಸಿನ ಹುಡುಗನಿಗೆ 12.4 ಬಂದರೆ "ನಾರ್ಮಲ್" ಅಂತ ಬರೆದುಬಿಡ್ತಾರೆ, ಅದು ತಪ್ಪು.

ಪಿಎಚ್‌ಸಿ_ಪಕ್ಕದ್ಮನೆ
ಎರಡನೇ ಪ್ರಶ್ನೆ ಇಲ್ಲಿಗೇ ಸೇರುತ್ತೆ, ಅದೇ ಮುಖ್ಯವಾದದ್ದು. ವಾರಕ್ಕೊಂದು ನೀಲಿ ಮಾತ್ರೆ ಬರೀ ತಡೆಗೆ, ಚಿಕಿತ್ಸೆಗಲ್ಲ. ಹಿಮೋಗ್ಲೋಬಿನ್ 9 ಇರೋ ಹುಡುಗಿಗೆ ವಾರಕ್ಕೊಂದು ಕೊಟ್ಟುಕೊಂಡು "ಕೊಡ್ತಾ ಇದೀವಲ್ಲ" ಅಂದರೆ ವರ್ಷ ಕಳೆದರೂ ಅವಳು ಮೆಟ್ಟಿಲು ಹತ್ತಿದ ಕೂಡಲೇ ಏದುಸಿರು ಬಿಡ್ತಾನೇ ಇರ್ತಾಳೆ.

ಕೇಂದ್ರದ ರಕ್ತಹೀನತೆ ತಡೆ ಯೋಜನೆ ಅನೀಮಿಯಾ ಮುಕ್ತ ಭಾರತದ (2018) ಕ್ರಮದಲ್ಲಿ 10ರಿಂದ 19 ವಯಸ್ಸಿನವರಿಗೆ ಸೌಮ್ಯ ಅಥವಾ ಮಧ್ಯಮ ಹಂತದ ರಕ್ತಹೀನತೆ ಇದ್ದರೆ ದಿನಕ್ಕೆ ಎರಡು ಮಾತ್ರೆ, ಊಟದ ನಂತರ, ಮೂರು ತಿಂಗಳು. ಒಂದೊಂದರಲ್ಲೂ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಇದನ್ನು ಬರೆಯೋದು ವೈದ್ಯಾಧಿಕಾರಿ, ಮೇಷ್ಟ್ರಲ್ಲ. ತಿಂಗಳಾದ ಮೇಲೆ ಮತ್ತೆ ನೋಡಬೇಕು. ಒಂದು ಗ್ರಾಮಾದರೂ ಏರದಿದ್ದರೆ ಮೇಲಿನ ಆಸ್ಪತ್ರೆಗೆ. 8ಕ್ಕಿಂತ ಕಡಿಮೆ ಇದ್ದರೆ ಕಾಯೋ ಮಾತೇ ಇಲ್ಲ, ಮೊದಲ ದಿನವೇ ಕಳಿಸಬೇಕು.

ಮೇಷ್ಟ್ರ ಕೆಲಸ ಇಷ್ಟು: ಕ್ಯಾಂಪಿನ ಪಟ್ಟಿಯಲ್ಲಿ ಕಡಿಮೆ ಇರೋರ ಹೆಸರು ಬೇರೆ ಹಾಳೆಗೆ ಬರ್ಕೊಂಡು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ ಒಂದು ಪ್ರತಿ ಕೊಡೋದು, ಪೋಷಕರನ್ನು ಕರೆಸಿ ಹೇಳೋದು. ಆ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ತರಗತಿಯಲ್ಲಿ ಓದಬೇಡಿ.

ಕಡಲ_ತಡಿ
ಒಂದು ತಿಂಗಳಾದ್ರೂ ಏರ್ಲಿಲ್ಲ ಅಂದ್ರೆ ಹೆಚ್ಚಿನವ್ರು ಮಾತ್ರೆ ಡಬ್ಬಲ್ ಮಾಡುದು ಮಾರಾಯ್ರೆ. ಮೊದ್ಲು ನುಂಗ್ತಾ ಇದ್ದಾರಾ ಅಂತ ಕೇಳಿ. ಆಮೇಲೆ ಬೇರೆ ಕಾರಣ ಹುಡುಕ್ಬೇಕು. ಆ ಸಿಎನ್‌ಎನ್‌ಎಸ್ ಸಮೀಕ್ಷೆಯಲ್ಲೇ ಹದಿಹರೆಯದವ್ರಲ್ಲಿ ಕಬ್ಬಿಣದ ಕೊರತೆ ಶೇ 22, ವಿಟಮಿನ್ ಬಿ12 ಕೊರತೆ ಶೇ 31, ಫೋಲೇಟ್ (ಫೋಲಿಕ್ ಆಮ್ಲ) ಕೊರತೆ ಶೇ 37 ಇತ್ತು. ಶುದ್ಧ ಸಸ್ಯಾಹಾರಿ ಮನೆಯಲ್ಲಿ ಹಾಲು ಮೊಸರೂ ಕಡಿಮೆ ಇದ್ರೆ ಬಿ12 ಎಲ್ಲಿಂದ ಬರ್ಬೇಕು? ಕಬ್ಬಿಣ ಎಷ್ಟು ಕೊಟ್ರೂ ಬಿ12 ಇಲ್ಲದೆ ರಕ್ತ ಏರುದಿಲ್ಲ.

ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳ ಮಕ್ಕಳಾದ್ರೆ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಪರೀಕ್ಷೆ ಆಗಿದ್ಯಾ ನೋಡಿ. 2023ರ ಜುಲೈನಿಂದ ಕೇಂದ್ರದ ಅಭಿಯಾನವೇ ಇದೆ, ಪರೀಕ್ಷೆ ಪುಕ್ಕಟೆ. ಕುಡಗೋಲು ಕಣವೋ ಥಲಸ್ಸೀಮಿಯಾವೋ ಇದೆ ಅಂತ ಗೊತ್ತಿರುವ ಮಗುವಿಗೆ ವೈದ್ಯರನ್ನು ಕೇಳದೆ ಕಬ್ಬಿಣ ಕೊಡ್ಲಿಕ್ಕಿಲ್ಲ.

ಮಲೆನಾಡ_ಜಿಗಣೆ
ಕೊಕ್ಕೆಹುಳ ಮರೆತೇಬಿಟ್ರಲ್ಲ ಎಲ್ಲಾರೂ! ತೋಟದ ಹಸಿ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡೋ ಮಕ್ಕಳಿಗೆ ಪಾದದ ಚರ್ಮದಿಂದಲೇ ಮರಿಹುಳ ಒಳಗೆ ಹೋಗುತ್ತೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ಈ ಕಡೆಯಿಂದ ಕಬ್ಬಿಣ ತುಂಬಿಸೋದು, ಆ ಕಡೆಯಿಂದ ಹುಳ ಖಾಲಿ ಮಾಡೋದು. ಫೆಬ್ರುವರಿ 10, ಆಗಸ್ಟ್ 10ರ ಜಂತುಹುಳು ದಿನ ತಪ್ಪಿಸಬೇಡಿ. ಅವತ್ತು ಬರದೇ ಇದ್ದೋರಿಗೆ ಒಂದು ವಾರದ ನಂತರ ಇನ್ನೊಂದು ಸುತ್ತು ಇರುತ್ತೆ. ಆಲ್ಬೆಂಡಜೋಲ್ 400 ಮಿ.ಗ್ರಾಂ, ಇದನ್ನು ಮಾತ್ರ ಚೆನ್ನಾಗಿ ಅಗಿದು ತಿನ್ನಬೇಕು. ನೀಲಿ ಮಾತ್ರೆ ನುಂಗೋದು, ಇದು ಅಗಿಯೋದು. ಮಕ್ಕಳು ಉಲ್ಟಾ ಮಾಡ್ತವೆ.

ಅಮ್ಮನ_ಅನುಮಾನ
ಮಗಳು ಏಳನೇ ಕ್ಲಾಸು. ಮಾತ್ರೆ ತಗೊಂಡ ಮಾರನೇ ದಿನ ಮಲ ಕಪ್ಪಗೆ ಹೋಗುತ್ತೆ, ರಕ್ತ ಹೋಗ್ತಿದೆಯಾ ಅಂತ ಭಯ. ಮುಂದೆ ಮಕ್ಕಳಾಗಲ್ಲ ಅಂತಾನೂ ಅಕ್ಕಪಕ್ಕದವರು ಹೇಳ್ತಾರೆ. ನಿಜವಾಗ್ಲೂ ಕೊಡಿಸಬಹುದಾ?

ಪಿಎಚ್‌ಸಿ_ಪಕ್ಕದ್ಮನೆ
ಕೊಡಿಸಿ ಅಕ್ಕ. ಕರುಳು ಹೀರದೆ ಬಿಟ್ಟ ಕಬ್ಬಿಣ ಹೊರಗೆ ಹೋಗೋದರಿಂದ ಕಪ್ಪು, ಒಂದೆರಡು ದಿನಕ್ಕೆ ಸರಿಹೋಗುತ್ತೆ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದು, ಹೊಟ್ಟೆನೋವೂ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಮಕ್ಕಳಾಗಲ್ಲ ಅನ್ನೋದು ಹಸಿ ಸುಳ್ಳು. ಗರ್ಭಿಣಿಯರಿಗೆ ಕೊಡೋ ಕೆಂಪು ಮಾತ್ರೆಯಲ್ಲೂ ಇರೋದು ಇದೇ 60 ಮಿ.ಗ್ರಾಂ ಕಬ್ಬಿಣ, ಇದೇ ಫೋಲಿಕ್ ಆಮ್ಲ. ಬಣ್ಣ ಮಾತ್ರ ಬೇರೆ.

ಪಥ್ಯದ_ಪುಟ್ಟಿ
ಅಕ್ಕ, ಜೊತೆಗೇ ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಗಳು ದೊಡ್ಡವಳಾಗಿದ್ದರೆ ಮುಟ್ಟು ಎಷ್ಟು ದಿನ ಇರುತ್ತೆ ಗಮನಿಸಿ. ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸೋ ಹಾಗಾದರೆ, ದೊಡ್ಡ ಹೆಪ್ಪು ಹೋಗ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. "ಶುರುವಿನಲ್ಲಿ ಎಲ್ಲರಿಗೂ ಹೀಗೇ" ಅಂತ ಎರಡು ವರ್ಷ ತಳ್ಳಿದರೆ ರಕ್ತವೆಲ್ಲ ಅಲ್ಲೇ ಹೋಯ್ತು. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರೋದೇ ಈ ವಯಸ್ಸಿನವರಿಗೆ, ಅಲ್ಲಿ ಕೇಳಬಹುದು.

ಬಿಸಿಯೂಟ_ಬಳಗ
ಅಡುಗೆಮನೆ ಕಡೆಯಿಂದ ಒಂದು ಮಾತು. ಬಿಸಿಯೂಟಕ್ಕೆ ಸಾರವರ್ಧಿತ ಅಕ್ಕಿ ಬಂದರೆ ಅದರಲ್ಲಿ ಸಾರವರ್ಧಿತ ಕಾಳು ಬೆರೆಸಿರ್ತಾರೆ, ನೂರಕ್ಕೆ ಒಂದು. ಅಕ್ಕಿ ಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿರೋದು. ತೊಳೆಯುವಾಗ ಕೆಲವು ಮೇಲೆ ತೇಲ್ತವೆ, ಬಣ್ಣವೂ ಸ್ವಲ್ಪ ಬೇರೆ. "ಪ್ಲಾಸ್ಟಿಕ್ ಅಕ್ಕಿ" ಅಂತ ಜಾಲರಿಯಿಂದ ಬಳಿದು ಎಸೆಯೋರಿದ್ದಾರೆ. ಎಸೆದಿದ್ದು ಪ್ಲಾಸ್ಟಿಕ್ ಅಲ್ಲ, ಮಕ್ಕಳ ಪಾಲಿನ ಕಬ್ಬಿಣ.

ಮಾನದಂಡದ ಪ್ರಕಾರ ಕೆ.ಜಿ.ಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ. ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಅಕ್ಕಿ ಲೆಕ್ಕ, ಅಂದ್ರೆ ನಾಲ್ಕರಿಂದ ಆರು ಮಿ.ಗ್ರಾಂ. ಎರಡು ಸಲಕ್ಕಿಂತ ಹೆಚ್ಚು ತೊಳೆಯಬೇಡಿ, ಗಂಜಿ ಬಸಿಯಬೇಡಿ, ನೀರು ಅಳತೆ ಇಟ್ಟು ಹಿಂಗಿಸಿ. ಬಸಿದರೆ ಗಂಜಿ ಜೊತೆ ಸತ್ವವೂ ಚರಂಡಿಗೆ.

ಗಂಡುಮೆಟ್ಟಿನ_ನಾಡು
ನಾಕು ಮಿಲಿಗ್ರಾಂ ಸಲುವಾಗಿ ಇಷ್ಟ್ ಗದ್ದಲ?

ಬಿಸಿಯೂಟ_ಬಳಗ
ನೂರು ಗ್ರಾಂ ರಾಗಿಯಲ್ಲಿ ಇರೋದೂ ಅಷ್ಟೇ ರೀ, ಅದಕ್ಕೆ ಮೇಲೆ ಎಷ್ಟು ಗದ್ದಲ ಆಯ್ತು ನೋಡಿದ್ರಲ್ಲ 😄

ನಾಟಿ_ನಂಜಪ್ಪ
ಮೊಟ್ಟೆ ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ ಅಂದಿದ್ರು. ವಾರಕ್ಕೆ ಆರು ಮೊಟ್ಟೆ ಕೊಡ್ತಾ ಇಲ್ವಾ ಈಗ?

ಪಥ್ಯದ_ಪುಟ್ಟಿ
ಮೊಟ್ಟೆಯನ್ನು ಕಬ್ಬಿಣಕ್ಕೆ ಕೊಡೋದಲ್ಲ ಅಣ್ಣ. ಹಳದಿಯಲ್ಲಿ ಕಬ್ಬಿಣ ಇದ್ದರೂ ಮೈಗೆ ಸರಿಯಾಗಿ ಹತ್ತಲ್ಲ. ಮೊಟ್ಟೆಯ ಲಾಭ ಆರು ಗ್ರಾಂ ಒಳ್ಳೇ ಪ್ರೋಟೀನು, ಜೊತೆಗೆ ಬಿ12. ಕಡಲ ತಡಿಯವರು ಹೇಳಿದ ಕೊರತೆಗೆ ಅದು ಮದ್ದು. ಬಾಳೆಹಣ್ಣು, ಚಿಕ್ಕಿಯಲ್ಲಿ ಬಿ12 ಸೊನ್ನೆ. ತಿನ್ನದವರ ಮೇಲೆ ಒತ್ತಾಯ ಬೇಡ, ಆದರೆ "ಎರಡೂ ಸಮ" ಅಂತ ಹೇಳೋದೂ ಬೇಡ.

ಅಂಕಿಅಂಶ_ಅಯ್ಯ
ಮೊಟ್ಟೆ ಜಗಳ ಶುರುವಾದರೆ ಈ ಥ್ರೆಡ್ ದೀಪಾವಳಿವರೆಗೂ ಮುಗಿಯಲ್ಲ. ಮಾತ್ರೆಗೆ ವಾಪಸ್ ಬನ್ನಿ.

ಸೋಮವಾರದ_ಮೇಷ್ಟ್ರು
ಕ್ಷೀರಭಾಗ್ಯದ ಹಾಲಿನ ಜೊತೆಗೇ ಕೊಟ್ಟುಬಿಡಿ, ಹೊಟ್ಟೆಗೂ ತಂಪು ಅಂತ ಸಹೋದ್ಯೋಗಿಯೊಬ್ಬರ ಸಲಹೆ. ಸರೀನಾ?

ಪಥ್ಯದ_ಪುಟ್ಟಿ
ಬೇಡ. ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರೋದನ್ನು ತಡೆಯುತ್ತೆ. ರಾಗಿ ಮಾಲ್ಟ್ ಬೆರೆಸಿದ ದಿನವಂತೂ ಬೇಡವೇ ಬೇಡ. ಹಾಲು ಬೆಳಿಗ್ಗೆ, ಮಾತ್ರೆ ಮಧ್ಯಾಹ್ನ, ಮಧ್ಯೆ ಎರಡು ಗಂಟೆಯಾದರೂ ಅಂತರ ತಾನಾಗೇ ಸಿಗುತ್ತೆ. ಟೀ, ಕಾಫಿಗೂ ಇದೇ ಮಾತು. ಮಜ್ಜಿಗೆ ಬದಲು ನೀರಲ್ಲಿ ನುಂಗಿಸಿ.

ಪಿಯು_ಕಾರಿಡಾರ್
ಹೈಸ್ಕೂಲಿಗೆ ಬಿಸಿಯೂಟ ಇದೆ, ನೀವು ಬಚಾವು. ಪಿಯುಗೆ ಬಿಸಿಯೂಟ ಇಲ್ಲ, ಮಾತ್ರೆ ಮಾತ್ರ ಇದೆ. ಹಳ್ಳಿಯಿಂದ ಏಳರ ಬಸ್ಸು ಹಿಡಿದು ಬರೋ ಹುಡುಗಿಯರು ತಿಂಡಿ ತಿಂದಿರಲ್ಲ, ಕೆಲವರು ಡಬ್ಬಿಯನ್ನೂ ತರಲ್ಲ. ಅವರಿಗೆ ಕಾಲೇಜಿನಲ್ಲಿ ನುಂಗಿಸಿ ವಾಂತಿ ಮಾಡಿಸೋ ಬದಲು ಮನೆಗೆ ಕೊಟ್ಟು, ರಾತ್ರಿ ಊಟ ಆದ ಮೇಲೆ ತಗೊಳ್ಳಿ ಅನ್ನೋದೇ ವಾಸಿ. ಕಣ್ಣೆದುರೇ ನುಂಗಿಸಬೇಕು ಅನ್ನೋ ನಿಯಮಕ್ಕೆ ಇದು ಒಪ್ಪಲ್ಲ, ಗೊತ್ತು.

ಪಿಎಚ್‌ಸಿ_ಪಕ್ಕದ್ಮನೆ
ಮನೆಗೆ ಕೊಟ್ಟ ಮಾತ್ರೆಯಲ್ಲಿ ಎಷ್ಟು ಹೊಟ್ಟೆ ಸೇರುತ್ತೆ ಅನ್ನೋದು ನಿಮಗೂ ಗೊತ್ತು. ಡಬ್ಬಿ ತರೋ ಗೆಳತಿ ಜೊತೆ ಎರಡು ತುತ್ತು ತಿನ್ನಿಸಿ ಊಟದ ಬೆಲ್ಲಿಗೇ ಕೊಡಿ. ಅದೂ ಆಗದವರಿಗೆ ಮಾತ್ರ ಮನೆ.

ಮನೆಗೆ ಕಳಿಸೋ ಮಾತು ಬಂದಿದ್ದರಿಂದ ಇದನ್ನು ಎಲ್ಲರೂ ಓದಿ. ಬೇಸಿಗೆ ರಜೆಗೆ ಏಳೆಂಟು ಮಾತ್ರೆ ಒಟ್ಟಿಗೆ ಕೈಗೆ ಕೊಡ್ತೀರಿ. ಆ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ನೀಲಿ ಬಣ್ಣದ ಮಾತ್ರೆ ಪೆಪ್ಪರಮಿಂಟಿನ ಹಾಗೇ ಕಾಣೋದು. ಹತ್ತು ಕೆ.ಜಿ. ತೂಕದ ಮಗು ನಾಲ್ಕು ನುಂಗಿದರೆ ವಾಂತಿ ಭೇದಿ ಶುರುವಾಗೋ ಪ್ರಮಾಣ ದಾಟುತ್ತೆ, ಹತ್ತು ನುಂಗಿದರೆ ಜೀವಕ್ಕೇ ಕುತ್ತು. ಸ್ಟ್ರಿಪ್ಪಿನಿಂದ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡಬೇಡಿ. ಎತ್ತರದ ಜಾಗದಲ್ಲಿ ಇಡೋಕೆ ಹೇಳಿ. ಮಗು ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದೆಲ್ಲ ಬೇಡ, ಸ್ಟ್ರಿಪ್ ಕೈಲಿ ಹಿಡ್ಕೊಂಡು ನೇರ ಆಸ್ಪತ್ರೆಗೆ. ಒಮ್ಮೆ ವಾಂತಿ ನಿಂತು ಸರಿಹೋದ ಹಾಗೆ ಕಂಡರೂ ನಂಬಬೇಡಿ, ಕೆಲವು ಗಂಟೆ ಬಿಟ್ಟು ಮತ್ತೆ ಕೆಡುತ್ತೆ.

ಅಮ್ಮನ_ಅನುಮಾನ
ಅಯ್ಯೋ, ಇದನ್ನು ಯಾರೂ ಹೇಳಿರಲಿಲ್ಲ. ಮನೇಲಿ ಎರಡು ವರ್ಷದವನಿದ್ದಾನೆ. ಈಗಲೇ ಮೇಲೆತ್ತಿಡ್ತೀನಿ.

ಕಡಲ_ತಡಿ
ಮತ್ತೆ ಆ ಸಾಮೂಹಿಕ ವಾಂತಿ ಕತೆ ಉಂಟಲ್ಲ, ಪೇಪರಿನಲ್ಲಿ ಬರುದು. ಒಬ್ಬಳಿಗೆ ತೊಳಸಿದ್ರೆ ಪಕ್ಕದವಳಿಗೂ, ಆಮೇಲೆ ಇಡೀ ಬೆಂಚಿಗೆ. ನಿಜವಾದ ವಾಂತಿ ಒಂದೆರಡು, ಉಳಿದದ್ದು ಹೆದರಿಕೆಯಿಂದ. ಮೊದಲ ಮಗುವನ್ನು ಸದ್ದಿಲ್ಲದೆ ಬೇರೆ ಕೋಣೆಗೆ ಕರ್ಕೊಂಡು ಹೋಗಿ, ಒಂದು ಬದಿಗೆ ಮಲಗಿಸಿ, ಗುಟುಕು ಗುಟುಕು ನೀರು ಅಥವಾ ಓಆರ್‌ಎಸ್ ಕೊಡಿ. ಉಳಿದವ್ರಿಗೆ ಪಾಠ ನಡೀತಾ ಇರ್ಲಿ. ಅಲ್ಲೇ ಆಂಬುಲೆನ್ಸ್ ಸೈರನ್ ಹಾಕಿಸಿದ್ರೆ ಮುಗೀತು. ಆದ್ರೆ ಒಂದೇ ಹೊತ್ತಿಗೆ ಹತ್ತಾರು ಮಕ್ಕಳಿಗೆ ಹೊಟ್ಟೆನೋವು, ಭೇದಿ ಅಂದ್ರೆ ಮಾತ್ರೆ ಮೇಲೆ ಹಾಕಿ ಸುಮ್ನೆ ಕೂರ್ಬೇಡಿ, ಅವತ್ತಿನ ಊಟ, ನೀರಿನ ಟ್ಯಾಂಕಿ ನೋಡ್ಬೇಕು. ಸಾಂಬಾರಿನ ಸ್ವಲ್ಪ ಮಾದರಿ ತೆಗೆದಿಟ್ಟಿರ್ಬೇಕು.

ಲ್ಯಾಬ್_ಬೆಂಚು
ಮಾತ್ರೆಯ ಬ್ಯಾಚ್ ನಂಬರೂ ಬರೆದಿಟ್ಟಿರಿ. ಅವಧಿ ಮೊದಲು ಮುಗಿಯೋದನ್ನು ಮೊದಲು ಖರ್ಚು ಮಾಡಬೇಕು. ಹೊಸ ಪೆಟ್ಟಿಗೆ ಬಂತು ಅಂತ ಹಳೇದನ್ನು ಬೀರುವಿನ ಹಿಂದಕ್ಕೆ ತಳ್ಳಿದರೆ ಮಾರ್ಚಿನಲ್ಲಿ ಅವಧಿ ಮೀರಿದ ರಾಶಿ ಸಿಗುತ್ತೆ. ನೀಲಿ ಲೇಪ ಬಿರಿದು ಒಳಗಿನ ಕಂದು ಕಾಣಿಸಿದರೆ ತೇವ ತಗುಲಿದೆ ಅಂತ ಅರ್ಥ, ಕೊಡಬೇಡಿ.

ಸೋಮವಾರದ_ಮೇಷ್ಟ್ರು
ನಮ್ಮ ಬೇಡಿಕೆ ಲೆಕ್ಕ ಒಮ್ಮೆ ನೋಡಿ. 180 ಮಕ್ಕಳು, 52 ವಾರ, 9,360. ಶೇ 10 ಹೆಚ್ಚುವರಿ ಸೇರಿಸಿ 10,296. ಸರಿನಾ?

ಅಂಕಿಅಂಶ_ಅಯ್ಯ
ಲೆಕ್ಕ ಸರಿ. ಶಿಕ್ಷಕರ ಮಾತ್ರೆ ಸೇರಿಸಿಲ್ಲ. ಹತ್ತು ಜನ ಶಿಕ್ಷಕರಿದ್ದರೆ ಇನ್ನೂ 520. ಚಿಕಿತ್ಸೆಯ ಮಾತ್ರೆಯನ್ನು ಇದರಲ್ಲಿ ಬೆರೆಸಬೇಡಿ. ಒಂದು ಮಗುವಿಗೆ ದಿನಕ್ಕೆ ಎರಡರಂತೆ 90 ದಿನಕ್ಕೆ 180 ಬೇಕು, ಅದು ಪಿಎಚ್‌ಸಿಯಿಂದ ಆ ಮಗುವಿನ ಹೆಸರಿಗೇ ಬರಬೇಕು.

ಗಂಡುಮೆಟ್ಟಿನ_ನಾಡು
ಲೆಕ್ಕ ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ರಿಜಿಸ್ಟರ್ದಾಗ ಖರೇನ ಬರದ್ರ ಏನಾಕ್ಕೇತಿ? ಶೇ 60 ಅಂತ ಬರದ್ರ ಮ್ಯಾಗಿನ್ನವ್ರು ನೋಟಿಸ್ ಕಳಸ್ತಾರ. ಶೇ 100 ಬರದ್ರ ಶಭಾಷ್ ಅಂತಾರ. ಮಾಸ್ತರು ಯಾವ್ದ್ ಬರೀಬೇಕು?

ಪಿಎಚ್‌ಸಿ_ಪಕ್ಕದ್ಮನೆ
ಶೇ 100 ಅಂತ ಬರೆದ ಶಾಲೆಯಲ್ಲಿ ಆರು ತಿಂಗಳಾದ ಮೇಲೂ ಹಿಮೋಗ್ಲೋಬಿನ್ ಏರದಿದ್ದರೆ, ಮಾತ್ರೆಯೇ ಕೆಲಸಕ್ಕೆ ಬಾರದ್ದು ಅಂತ ತೀರ್ಮಾನ ಮಾಡ್ತಾರೆ. ಆದ್ದರಿಂದ ನಿಜ ಬರೀರಿ. ಕಾರಣದ ಕಾಲಂ ಒಂದು ಕೈಯಲ್ಲೇ ಗೆರೆ ಹಾಕ್ಕೊಳ್ಳಿ: ಗೈರು, ಹುಷಾರಿಲ್ಲ, ಊಟ ಮಾಡಿಲ್ಲ, ಪೋಷಕರು ಬೇಡ ಅಂದಿದ್ದು, ವಾಂತಿ. ನಾಲ್ಕು ಸೋಮವಾರ ಹೀಗೆ ಬರೆದರೆ ಯಾವುದು ಜಾಸ್ತಿ ಅಂತ ಕಾಣುತ್ತೆ. "ಊಟ ಮಾಡಿಲ್ಲ" ಹೆಚ್ಚಿದ್ದರೆ ಹೊತ್ತು ಬದಲಿಸಿ, "ಪೋಷಕರು" ಹೆಚ್ಚಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಸುರಕ್ಷಾಧಿಕಾರಿಯನ್ನು ಕರೆಸಿ. ನೋಟಿಸ್ ಬಂದರೆ ಅದೇ ಹಾಳೆ ಲಗತ್ತಿಸಿ ಕಳಿಸಿ.

ಗಂಡುಮೆಟ್ಟಿನ_ನಾಡು
ನೋಟಿಸ್ ಬಂದ್ರ ನಿಮ್ ಹೆಸರ ಹೇಳ್ತೀವ್ರಿ ಮತ್ತ 😂

ಸೋಮವಾರದ_ಮೇಷ್ಟ್ರು
ಮುಂದಿನ ಸೋಮವಾರದಿಂದ ಪ್ರಾರ್ಥನೆ ಹೊತ್ತಿನ ಬದಲು ಊಟದ ನಂತರದ ಮೊದಲ ಪೀರಿಯಡ್‌ಗೆ ಬದಲಾಯಿಸ್ತಾ ಇದೀವಿ. ಹೆಡ್‌ಮಾಸ್ಟರು ಒಪ್ಪಿದ್ದಾರೆ, ಗಣಿತದ ಮೇಡಂ ಒಪ್ಪಿಲ್ಲ, ಅವರ ಪೀರಿಯಡ್ ಅದು.

ಪಿಯು_ಕಾರಿಡಾರ್
ಮೊದಲ ಮಾತ್ರೆ ಅವರಿಗೇ ಕೊಡಿ ಸರ್.